ಪೈನ್ ತೋಪಿನಲ್ಲಿ ಕೇಳಿದ ಕರೆ

ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ಹೂಂಗುಟ್ಟುತ್ತಾ ಒಳಗೊಳಗೇ ನಗುತ್ತಿದ್ದೆ. ಕೀಟಶಾಸ್ತ್ರ ಓದಿದವಳು, ಕಣ್ಣಾರೆ ಕಂಡದ್ದನ್ನೂ ಎರಡು ಸಲ ನೋಡಿ ಬರೆದುಕೊಳ್ಳುವ ಅಭ್ಯಾಸ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಆಗ ಅಡಿಲೇಡಿನಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೆ. ವಾರಕ್ಕೆರಡು ದಿನ ಊರಾಚೆಯ ಗುಡ್ಡಗಳ ಪೈನ್ ತೋಪಿಗೆ ಹೋಗಿ, ತೊಗಟೆ ಕೊರೆಯುವ ದುಂಬಿಗಳಿಗೆಂದು ತೂಗುಹಾಕಿದ್ದ ಬಲೆಗಳನ್ನು ನೋಡಿಬರುವ ಕೆಲಸ. ದುಂಬಿ ಅಕ್ಕಿಕಾಳಿಗಿಂತ ಚಿಕ್ಕದು. ಆದರೆ ಬಿಸಿಲಿಗೆ ಸೊರಗಿದ ಪೈನ್ ಸಿಕ್ಕಿತೆಂದರೆ ತೊಗಟೆಯಡಿ ಸುರಂಗ ಕೊರೆದು ಮರವನ್ನೇ ಒಣಗಿಸಿಬಿಡುತ್ತದೆ. ನನ್ನ ಜೊತೆ ಬರುತ್ತಿದ್ದವರು ಮಾರ್ಗರೆಟ್, ಅರವತ್ತು ದಾಟಿದ ಫೀಲ್ಡ್ ಟೆಕ್ನಿಷಿಯನ್. ಅವರಿಗೆ ಕಣಜ ಕಚ್ಚಿದರೆ ಅಲರ್ಜಿ. ಮೊದಲ ದಿನವೇ ತಮ್ಮ ಚೀಲದಲ್ಲಿದ್ದ ಇಂಜೆಕ್ಷನ್ ಪೆನ್ ತೋರಿಸಿ, "ನಾನು ಬಿದ್ರೆ ಇದನ್ನ ತೊಡೆಗೆ ಒತ್ತು. ಯೋಚನೆ ಮಾಡ್ತಾ ನಿಲ್ಬೇಡ" ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿದ್ದರು.

ಫೆಬ್ರವರಿಯ ಒಂದು ಮಧ್ಯಾಹ್ನ ಅವರು ದಿಬ್ಬದಾಚೆಯ ಬಲೆಗಳ ಕಡೆ ಹೋದರು. ನಾನು ಉರುಳಿ ಬಿದ್ದ ಮರವೊಂದರ ತೊಗಟೆ ಎಬ್ಬಿಸುತ್ತಾ ಕೂತೆ. ಒಳಗೆ ಕೆಂಪು ಪುಡಿ, ಕವಲೊಡೆದ ಸುರಂಗಗಳು, ಅವುಗಳೊಳಗೆ ದುಂಬಿಗಳು. ಹೊತ್ತು ಹೋದದ್ದೇ ತಿಳಿಯಲಿಲ್ಲ.

"ಏ ಸೂಜಿ, ಇತ್ಲಾಗೆ ಬಾರೆ."

ಹೆಂಗಸಿನ ದನಿ, ನಮ್ಮ ಕಡೆಯ ಕನ್ನಡ. ಗಾಬರಿಯೇನೂ ಇರಲಿಲ್ಲ ಅದರಲ್ಲಿ, ಊಟಕ್ಕೆ ಕರೆಯುವ ಹಾಗಿತ್ತು. ಕೈಯಲ್ಲಿದ್ದ ಚಾಕು ಜಾರಿತು. ಸೂಜಿ ಎನ್ನುವುದು ಸಣಕಲಿಯಾಗಿದ್ದ ನನಗೆ ತಿಪಟೂರಿನ ನಮ್ಮ ಬೀದಿಯವರು ಇಟ್ಟಿದ್ದ ಹೆಸರು. ಆಸ್ಟ್ರೇಲಿಯದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಆ ದನಿಯೂ ನನಗೆ ಪರಿಚಯದ್ದಲ್ಲ. ಎದ್ದು ನಿಂತೆ. ದಿಬ್ಬದ ಕಡೆಯಿಂದ ಮತ್ತೊಮ್ಮೆ ಕೇಳಿತು. ಒಂದು ಮಾತೂ ಆಡದೆ ಆ ಕಡೆ ನಡೆದೆ, ಆಮೇಲೆ ಓಡಿದೆ.

ದಿಬ್ಬದಾಚೆ ಮಾರ್ಗರೆಟ್ ನೆಲಕ್ಕೆ ಬಿದ್ದಿದ್ದರು. ಮುಖ, ತುಟಿ ಊದಿಕೊಂಡಿದ್ದವು, ಒಂದೊಂದು ಉಸಿರಿಗೂ ಒದ್ದಾಡುತ್ತಿದ್ದರು. ಚೀಲ ಅವರ ಕೈಗೆಟುಕದಷ್ಟು ದೂರದಲ್ಲಿ ಬಿದ್ದಿತ್ತು. ಪೆನ್ ತೆಗೆದು ತೊಡೆಗೆ ಒತ್ತಿದೆ, ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ಬರುವವರೆಗೆ ಅವರ ಕೈ ಹಿಡಿದು ಸುತ್ತಲೂ ನೋಡುತ್ತಲೇ ಇದ್ದೆ. ಮರಗಳ ಸಾಲು ಬಿಟ್ಟರೆ ಯಾರ ಸುಳಿವೂ ಇರಲಿಲ್ಲ.

ಬಿಸಿಲಿಗೆ ತಲೆ ಕೆಟ್ಟು ಏನೋ ಕೇಳಿಸಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದಾಗ ಆ ಸಮಾಧಾನವೂ ಉಳಿಯಲಿಲ್ಲ. ಮಾರ್ಗರೆಟ್ ನನ್ನ ಕೈ ಬಿಡದೆ ಕೇಳಿದರು:

"‘ಬಂದೆ, ಬಂದೆ’ ಅಂದ್ರೆ ಏನು? ನಂಗೆ ಕೂಗೋಕೆ ಆಗ್ತಿರ್ಲಿಲ್ಲ. ನೀನು ಹಾಗೆ ಕೂಗ್ತಾ ಬರ್ತಿರೋದು ಕೇಳಿಸ್ತಿತ್ತು. ಅದಕ್ಕೇ ಜೀವ ಗಟ್ಟಿ ಹಿಡ್ಕೊಂಡೆ."

ಕನ್ನಡದ ಒಂದಕ್ಷರ ಗೊತ್ತಿಲ್ಲದವರು ಆ ಪದವನ್ನು ಸರಿಯಾಗಿಯೇ ಅಂದಿದ್ದರು. ಅರ್ಥ ಹೇಳಿದೆ. ಆಮೇಲೆ, ನಾನು ಬಾಯಿಯೇ ತೆರೆದಿರಲಿಲ್ಲವೆಂದೂ, ನನ್ನನ್ನೂ ಯಾರೋ ಕರೆದರೆಂದೂ ಹೇಳಿಬಿಟ್ಟೆ.

"ಯಾರು ಅಂತ ಗೊತ್ತಾಗಿದ್ರೆ ಥ್ಯಾಂಕ್ಸ್ ಹೇಳ್ಬಹುದಿತ್ತು" ಎಂದರು ಮಾರ್ಗರೆಟ್.

ಇದಾಗಿ ಹಲವು ವರ್ಷಗಳಾದವು. ನಾನೀಗ ಪರ್ತ್‌ನಲ್ಲಿದ್ದೇನೆ. ಪ್ರತಿ ಕ್ರಿಸ್‌ಮಸ್ಸಿಗೆ ಮಾರ್ಗರೆಟ್ ಫೋನ್ ಮಾಡುತ್ತಾರೆ. ಮೊಮ್ಮಕ್ಕಳ ಸುದ್ದಿ, ಮಂಡಿನೋವಿನ ಸುದ್ದಿ. ನಾನು ದೇವರನ್ನು ನಂಬುವವಳಲ್ಲ, ಈಗಲೂ ಅಷ್ಟೇ. ಆದರೂ ಫೋನ್ ಇಟ್ಟ ಮೇಲೆ, ಯಾರಿಗೆಂದು ಗೊತ್ತಿಲ್ಲದೆ, ಒಂದು ಸಲ ಕೈ ಮುಗಿಯುತ್ತೇನೆ.