ಬಟ್ಟೆ ಗೋಡೌನಿನ ಬಾಗಿಲು ಓದಿದ ನಂಬರು

ನಾನು ಕೆಲಸ ಮಾಡುವ ಗಾರ್ಮೆಂಟ್ಸಿನಲ್ಲಿ ಒರಗುವ ಕುರ್ಚಿ ಇರುವುದು ಕೆಲವರಿಗೆ ಮಾತ್ರ. ಹೊಲಿಗೆ ಲೈನಿನವರಿಗೆಲ್ಲ ಸ್ಟೂಲು. ಹನ್ನೊಂದು ವರ್ಷ ನಾನು ಸ್ಟೂಲಿನ ಮೇಲೆ ಕೂತು ಅಂಗಿಗಳ ಕಾಲರು ಹೊಲಿದೆ. ಸೊಂಟ ಹೋಯಿತು. ಆಮೇಲೆ ನನಗೂ ಒಂದು ಕುರ್ಚಿ ಸಿಕ್ಕಿತು. ಆ ಕುರ್ಚಿ ಉಳಿಸಿಕೊಳ್ಳಲು ನನ್ನ ತಂಗಿಗೆ ನಾನೇನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಫ್ಯಾಕ್ಟರಿ ಇರುವುದು ಮದ್ದೂರಿನ ಹತ್ತಿರ. ನಾನು ಮಳವಳ್ಳಿ ಕಡೆಯಿಂದ ಕಂಪನಿ ಬಸ್ಸಿನಲ್ಲಿ ಬರುತ್ತೇನೆ. ತಂಗಿ ನಡುವೆ, ತನ್ನ ಗಂಡನ ಊರಿನ ಗೇಟಿನಲ್ಲಿ ಹತ್ತುತ್ತಿದ್ದಳು. ಕತ್ತರಿಸಿದ ಬಟ್ಟೆ ನಮ್ಮ ಲೈನಿಗೆ ಕಟ್ಟು ಕಟ್ಟಾಗಿ ಬರುತ್ತದೆ. ಅದಕ್ಕೆ ಬಂಡಲ್ ಎನ್ನುತ್ತೇವೆ. ಮೊದಲು ಬಂಡಲಿಗೆ ಕಾಗದದ ಚೀಟಿ ಕಟ್ಟುತ್ತಿದ್ದರು. ಎರಡು ವರ್ಷದ ಹಿಂದೆ ಚೀಟಿ ಹೋಗಿ ಚಿಪ್ ಇರುವ ಕಾರ್ಡು ಬಂತು. ಪ್ರತಿ ಮಿಷನ್ನಿನ ಪಕ್ಕ ಒಂದು ಕಪ್ಪು ಡಬ್ಬಿ ಕೂರಿಸಿದರು. ಬಂಡಲ್ ಮುಗಿದ ಮೇಲೆ ಅದರ ಕಾರ್ಡನ್ನು ಡಬ್ಬಿಯ ಹತ್ತಿರ ಹಿಡಿದರೆ ಸಾಕು, ಯಾವ ಮಿಷನ್ನು, ಎಷ್ಟು ಹೊತ್ತು ಹಿಡಿಯಿತು ಎಂಬುದೆಲ್ಲ ಕಂಪ್ಯೂಟರಿಗೆ ಹೋಗುತ್ತದೆ. ಗೋಡೌನಿನ ಬಟ್ಟೆ ರೋಲುಗಳಿಗೂ ಅಂಥದೇ ಚಿಪ್ಪಿನ ಪಟ್ಟಿ ಅಂಟಿಸಿದರು. ಬಾಗಿಲಿನ ಎರಡು ಪಕ್ಕಕ್ಕೂ ಕಂಬದಂಥ ಯಂತ್ರ ನಿಲ್ಲಿಸಿದರು. ರೋಲು ಒಳಗೆ ಹೊರಗೆ ಹೋದದ್ದನ್ನು ಅದೇ ಎಣಿಸಿಕೊಳ್ಳುತ್ತದೆ. ಹಾಜರಿಗೆಂದು ನಮ್ಮ ಕತ್ತಿನ ಕಾರ್ಡನ್ನೂ ಬದಲಾಯಿಸಿದರು. ಅದರಲ್ಲೂ ಚಿಪ್ ಇದೆ ಎಂದು ಯಾರೂ ನಮಗೆ ಬಿಡಿಸಿ ಹೇಳಲಿಲ್ಲ. ನಾವೂ ಕೇಳಲಿಲ್ಲ.

ನಮ್ಮ ಲೈನಿನ ಕಂಪ್ಯೂಟರ್ ನೋಡಲು ಒಬ್ಬರು ಬೇಕಾಗಿತ್ತು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಆದರೆ ನಂಬರಿನಲ್ಲಿ ತಪ್ಪುವವಳಲ್ಲ. ಎಲ್ಲಿ ಬಂಡಲ್ ನಿಂತಿದೆಯೋ ಅಲ್ಲಿ ಪರದೆ ಕೆಂಪಾಗುತ್ತದೆ. ಅದನ್ನು ನೋಡಿ ಸೂಪರ್‌ವೈಸರಿಗೆ ಹೇಳುವುದು ನನ್ನ ಕೆಲಸ. ಮೊದಲನೇ ದಿನ ಆ ಕುರ್ಚಿಗೆ ಬೆನ್ನು ಕೊಟ್ಟಾಗ ನನಗೆ ಅಳು ಬಂದಿತ್ತು.

ತಂಗಿ ಅದೇ ಲೈನಿನಲ್ಲಿ ತೋಳಿನ ಪಟ್ಟಿ ಹೊಲಿಯುತ್ತಿದ್ದಳು. ಅವಳಿಗೆ ಹನ್ನೆರಡನೇ ವಯಸ್ಸಿನಿಂದ ಫಿಟ್ಸ್ ಬರುತ್ತದೆ. ಮಂಡ್ಯದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಮದುವೆಯಲ್ಲಿ ನಾವು ಅದನ್ನು ಮುಚ್ಚಿಟ್ಟೆವು. ರಾತ್ರಿ ನುಂಗುವ ಮಾತ್ರೆಯನ್ನು ರಕ್ತ ಕಡಿಮೆ ಇರುವುದಕ್ಕೆ ಎಂದು ಅವಳು ಗಂಡನ ಮನೆಯಲ್ಲಿ ಹೇಳಿದ್ದಳು. ಮಗುವಾದ ಮೇಲೂ ಹಾಗೇ ನಡೆಯಿತು. ಗೊತ್ತಿದ್ದವರು ಮೂರೇ ಜನ: ನಮ್ಮವ್ವ, ನಾನು, ಅವಳ ಪಕ್ಕದ ಮಿಷನ್ನಿನ ಹೆಂಗಸು.

ಫಿಟ್ಸ್ ಬರುವ ಮೊದಲು ತಂಗಿಗೆ ತಿಳಿಯುತ್ತಿತ್ತು. ಬಾಯಲ್ಲಿ ತುಕ್ಕಿನ ರುಚಿ ಬರುತ್ತದೆ ಎನ್ನುತ್ತಿದ್ದಳು. ಕೂಡಲೇ ಎದ್ದು ಗೋಡೌನಿಗೆ ಹೋಗಿ ರೋಲುಗಳ ಸಂದಿಯಲ್ಲಿ ಮಲಗುತ್ತಿದ್ದಳು. ಎಷ್ಟೋ ಸಲ ಏನೂ ಬಾರದೆ ಹಾಗೇ ಇಳಿದುಹೋಗುತ್ತಿತ್ತು. ಕಾಲು ಗಂಟೆಯಲ್ಲಿ ಮುಖ ತೊಳೆದು ವಾಪಸ್ಸು ಬರುತ್ತಿದ್ದಳು. ಅಷ್ಟರಲ್ಲಿ ಪಕ್ಕದವಳು ತಂಗಿಯ ಬಂಡಲನ್ನೂ ಹೊಲಿದು, ಅದರ ಕಾರ್ಡನ್ನು ತಂಗಿಯ ಡಬ್ಬಿಗೇ ಹಿಡಿದಿರುತ್ತಿದ್ದಳು. ಒಬ್ಬಳು ಎದ್ದರೆ ಇನ್ನೊಬ್ಬಳು ಹೀಗೆ ಕಾಯುವುದು ಡಬ್ಬಿ ಬಂದ ವಾರದಿಂದಲೇ ಶುರುವಾಗಿತ್ತು. ಯಾರೂ ಕಲಿಸಿದ್ದಲ್ಲ. ನನ್ನ ಪರದೆಯಲ್ಲಿ ಏನೂ ಕೆಂಪಾಗುತ್ತಿರಲಿಲ್ಲ. ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಅಷ್ಟರಮಟ್ಟಿಗೆ ನಾನು ಅಕ್ಕನಾಗಿದ್ದೆ.

ಒಂದು ಮಧ್ಯಾಹ್ನ ಗೋಡೌನಿನ ಲೆಕ್ಕದಲ್ಲಿ ಎರಡು ರೋಲು ಕಡಿಮೆ ಬಂತು. ಬಾಗಿಲಿನ ಕಂಬ ಓದಿದ್ದನ್ನೆಲ್ಲ ತೆಗೆದು ನೋಡಿದರು. ರೋಲುಗಳ ನಂಬರಿನ ನಡುವೆ ತಂಗಿಯ ಕತ್ತಿನ ಕಾರ್ಡಿನ ನಂಬರು ಇತ್ತು, ಒಂದು ಸಲವಲ್ಲ, ಆ ತಿಂಗಳಲ್ಲೇ ಐದಾರು ಸಲ. ರೋಲು ಎಣಿಸಲು ನಿಲ್ಲಿಸಿದ ಕಂಬ ಮನುಷ್ಯರನ್ನೂ ಓದುತ್ತಿದೆ ಎಂದು ಫ್ಲೋರ್ ಇನ್‌ಚಾರ್ಜಿಗೂ ಅವತ್ತೇ ತಿಳಿದದ್ದು. ಅವಳು ಗೋಡೌನಿನಲ್ಲಿದ್ದ ಹೊತ್ತಿಗೇ ಅವಳ ಮಿಷನ್ನಿನಲ್ಲಿ ಬಂಡಲ್ ಮುಗಿದದ್ದೂ ಕಂಡಿತು. ಇನ್‌ಚಾರ್ಜು ನನ್ನನ್ನು ಕರೆದರು.

"ಇವಳು ನಿನ್ನ ತಂಗಿ ಅಲ್ವೇನಮ್ಮ? ಟೈಲರಿಗೆ ಗೋಡೌನಲ್ಲಿ ಏನು ಕೆಲಸ?"

ಅವರು ಕೂಗಾಡುವ ಮನುಷ್ಯನಲ್ಲ. ಮೆಲ್ಲಗೆ, "ದಿನಾ ಇದರ ಮುಂದೆ ಕೂರೋಳು ನೀನು. ಗೊತ್ತಿದ್ದೂ ಮುಚ್ಚಿಟ್ಟಿದೀಯ ಅಂದ್ರೆ ಈ ಕುರ್ಚಿಗೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದರು.

ಹೊಟ್ಟೆನೋವು ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ತಿಂಗಳ ಹೊಟ್ಟೆನೋವು ಸಾರ್, ಸ್ವಲ್ಪ ಒರಗೋಕೆ ಹೋಯ್ತಾಳೆ ಅಂದಿದ್ದರೆ ಆ ಗಂಡಸು ಮುಂದಕ್ಕೆ ಒಂದು ಮಾತೂ ಕೇಳುತ್ತಿರಲಿಲ್ಲ. ನಮ್ಮ ಲೈನಿನ ಯಾವ ಹೆಂಗಸಾದರೂ ಅದನ್ನೇ ಹೇಳುತ್ತಿದ್ದಳು. ಕಳ್ಳತನದ ಮಾತು ಬರಬಾರದು ಎಂದು ನಿಜ ಹೇಳಿದೆ ಅಂತ ಆಮೇಲೆ ನಾನು ಅವ್ವನ ಹತ್ತಿರ ಅಂದೆ. ಅದು ಸುಳ್ಳು. ನಾನು ಮುಚ್ಚಿಡುವವಳಲ್ಲ ಎಂದು ಅವರಿಗೆ ತೋರಿಸಬೇಕಾಗಿತ್ತು.

"ಅವ್ಳಿಗೆ ಪಿಟ್ಸು ಬತ್ತದೆ ಸಾರ್. ಚಿಕ್ಕವಳಿಂದ್ಲೂ ಅದೆ" ಎಂದುಬಿಟ್ಟೆ.

ಇನ್‌ಚಾರ್ಜು ಪಾಪ ಅಂದರು. ಸೂಜಿಯ ಮುಂದೆ ಕೂರಿಸುವುದು ಅಪಾಯ ಅಂದರು. ಅವಳ ನಂಬರಿನ ಎದುರು ಒಂದು ಸಾಲು ಟೈಪ್ ಮಾಡಿದರು. ಅವಳನ್ನು ಮಿಷನ್ನಿನಿಂದ ಎಬ್ಬಿಸಿ, ನಿಂತುಕೊಂಡು ದಾರ ಕತ್ತರಿಸುವ ಕಡೆಗೆ ಹಾಕಿದರು. ಮಾರನೆಯ ದಿನ ಆ ಎರಡು ರೋಲು ಗೋಡೌನಿನಲ್ಲೇ ಸಿಕ್ಕವು. ಅವುಗಳ ಚಿಪ್ಪಿನ ಪಟ್ಟಿ ಕಿತ್ತುಹೋಗಿತ್ತು, ಅಷ್ಟೇ. ಟೈಪ್ ಮಾಡಿದ ಸಾಲನ್ನು ಮಾತ್ರ ಯಾರೂ ಅಳಿಸಲಿಲ್ಲ. ಆ ಪರದೆ ತೆರೆಯುವ ಎಲ್ಲರಿಗೂ ಅದು ಕಾಣುತ್ತಿತ್ತು.

ಅವಳನ್ನು ಮಿಷನ್ನಿನಿಂದ ಎಬ್ಬಿಸಿದ ದಿನ ಸಂಜೆ ಬಸ್ಸಿನಲ್ಲಿ ಎಂದಿನಂತೆ ಅವಳು ನನ್ನ ಪಕ್ಕ ಕೂತಳು. ಯಾರು ಹೇಳಿದ್ದು ಎಂದು ಕೇಳಿದಳು.

"ಕಂಪ್ಯೂಟರ್ನಾಗೆ ಬಂತು ಕಣೆ" ಎಂದೆ.

ಅವಳೂ ಹೆಚ್ಚು ಓದಿದವಳಲ್ಲ.

"ಬಾಗ್ಲು ದಾಟ್ದೆ ಅಂತ ಬಂದಿರ್ಬೋದು. ಪಿಟ್ಸು ಅಂತ ಅದ್ಕೆಂಗ್ ಗೊತ್ತಾಯ್ತಕ್ಕ?"

ಬಸ್ಸಿನ ಮುಂದೆ ಕಬ್ಬಿನ ಟ್ರ್ಯಾಕ್ಟರು ಹೋಗುತ್ತಿತ್ತು. ದಾರಿ ಸಿಗದೆ ನಾವು ಅದರ ಹಿಂದೆಯೇ ತೆವಳುತ್ತಿದ್ದೆವು. ನಾನು ಆ ಕಬ್ಬನ್ನೇ ನೋಡುತ್ತ ಕೂತೆ. ಅವಳ ಊರಿನ ಗೇಟು ಬಂತು. ಎರಡನೇ ಸಲ ಕೇಳದೆ ಇಳಿದುಹೋದಳು.

ವಾರದೊಳಗೆ ಸುದ್ದಿ ಅವಳ ಗಂಡನ ಮನೆ ಮುಟ್ಟಿತು. ಅದೇ ಊರಿನಿಂದ ಬಸ್ಸಿಗೆ ಬರುವ ಹೆಂಗಸೊಬ್ಬಳು, ಹುಷಾರಾಗಿ ನೋಡಿಕೊಳ್ಳಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳಂತೆ. ತಂಗಿಯ ಅತ್ತೆ ಬೈಯಲಿಲ್ಲ, ಮನೆ ಬಿಟ್ಟು ಹೋಗು ಅನ್ನಲಿಲ್ಲ. ಕೆಲಸ ಬಿಡಿಸಿದರು. ಒಲೆಯ ಹತ್ತಿರ, ನಾಲೆಯ ಹತ್ತಿರ ಹೋಗಬೇಡ ಅಂದರು. ಭಾನುವಾರ ನಾನು ಹೋದಾಗ ತಂಗಿ ಮಗನಿಗೆ ಸ್ನಾನ ಮಾಡಿಸಲು ಎತ್ತಿಕೊಂಡಿದ್ದಳು. ಅತ್ತೆ ಬಂದು ಕೂಸನ್ನು ಅವಳ ಕೈಯಿಂದ ತೆಗೆದುಕೊಂಡರು.

"ನೀ ಕೂತ್ಕವ್ವ, ಮಗೀಗ್ ನೀರುಯ್ಯದು ನಾನ್ ನೋಡ್ಕತೀನಿ."

ಅದರಲ್ಲಿ ಸಿಟ್ಟೇ ಇರಲಿಲ್ಲ. ತಂಗಿ ಕೂತಳು. ಒಳಗಿನಿಂದ ನೀರು ಸುರಿಯುವ ಸದ್ದು, ಮಗು ನಗುವ ಸದ್ದು ಬರುತ್ತಿತ್ತು. ಅವಳು ಖಾಲಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಅವಳ ಪಕ್ಕದ ಮಿಷನ್ನಿನ ಹೆಂಗಸು ಇವತ್ತಿಗೂ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಬಂಡಲ್ ಮುಟ್ಟಿದ್ದಕ್ಕೆ ಅವಳಿಗೂ ಬೈಗುಳ ಬಿದ್ದಿತ್ತು. ಈಗ ಯಾರ ನಂಬರು ಎಲ್ಲಿ ಕಂಡರೂ, ಇನ್‌ಚಾರ್ಜು ಕೇಳಿದರೆ ನಾನು ಹೊಟ್ಟೆನೋವು ಸಾರ್ ಎನ್ನುತ್ತೇನೆ. ಈ ಲೈನಿನವರಿಗೆಲ್ಲ ದಿನಾ ಹೊಟ್ಟೆನೋವಾ ಎಂದು ಅವರು ಒಂದು ಸಲ ನಕ್ಕರು. ಹೌದು ಸಾರ್ ಅಂದೆ. ಕುರ್ಚಿ ಹೋಗಲಿಲ್ಲ. ಅಷ್ಟು ಸುಲಭವಾಗಿತ್ತು ಅದು.

ನಾನೇ ಹೇಳಿದ್ದು ಎಂದು ತಂಗಿಗೆ ಇನ್ನೂ ಬಾಯಿ ಬಿಟ್ಟು ಹೇಳಿಲ್ಲ. ಅವಳಿಗೆ ಗೊತ್ತಿದೆ. ಆದರೂ ನಾನು ಹೋದಾಗಲೆಲ್ಲ ಚಾಪೆ ಹಾಸಿ, ಒರಗಲು ಗೋಡೆಗೆ ದಿಂಬು ಇಟ್ಟು, "ಸೊಂಟ ಎಂಗದಕ್ಕ ಈಗ?" ಎಂದು ಕೇಳುತ್ತಾಳೆ. ಅದರಲ್ಲಿ ಕೊಂಕಿರುವುದಿಲ್ಲ, ಅಷ್ಟು ವರ್ಷ ನನ್ನ ಸೊಂಟಕ್ಕೆ ಎಣ್ಣೆ ತಿಕ್ಕಿದವಳು ಅವಳೇ.

ವಾಸಿ ಕಣೆ ಎನ್ನುತ್ತೇನೆ. ನಿಜಕ್ಕೂ ವಾಸಿಯಾಗಿದೆ.