ಭಾವನ ಕಾಯಿ ಹೊಡೆಯದಿದ್ದ ದಿನಗಳು

ಬೆಳಿಗ್ಗೆ ಸೊಸೆ ನನ್ನ ಎದೆಯುರಿಗೆಂದು ಬಿಳಿಯ ಔಷಧಿಯನ್ನು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟಳು. ಅದರ ಪುದೀನ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ತ್ಯಾಮಗೊಂಡ್ಲಿನಲ್ಲಿ ಅಕ್ಕನ ಮನೆಯ ಜಗಲಿಯ ಮೇಲಿದ್ದೆ. ನಿಮಗೂ ಹೀಗಾಗುತ್ತದೆಯೇ? ಕೆಲವು ಔಷಧಿಗಳು ಹೊಟ್ಟೆಗಿಳಿಯುವ ಮೊದಲೇ ನೆನಪಿನಲ್ಲಿ ಕೆಲಸ ಶುರುಮಾಡಿಬಿಡುತ್ತವೆ.

ನನ್ನ ಭಾವ, ಎಂದರೆ ಅಕ್ಕನ ಗಂಡ, ಆ ಔಷಧಿಯನ್ನು ಒಂದಿಡೀ ಮಳೆಗಾಲ ಕುಡಿದರು. ಅವರಿಗಿದ್ದದ್ದು ಹೊಟ್ಟೆಯ ಕ್ಯಾನ್ಸರ್. ಆಗಲೇ ಲಿವರ್‌ಗೂ ಹಬ್ಬಿತ್ತು. ಇದು ಅಕ್ಕನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಹಾಲಿನ ಡೈರಿಯವನಿಗೆ, ಬಸ್‌ಸ್ಟ್ಯಾಂಡಿನ ಹೂವಿನವಳಿಗೆ ಗೊತ್ತಿತ್ತು. ಗೊತ್ತಿಲ್ಲದವರು ಭಾವ ಒಬ್ಬರೇ. ಆಸ್ಪತ್ರೆಯಲ್ಲಿ ಅವರನ್ನು ತೂಕ ನೋಡಿಸಲು ಹೊರಗೆ ಕಳಿಸಿ, ನಾವು ಒಳಗೆ ಕುಳಿತು ಸುದ್ದಿ ಕೇಳಿಕೊಂಡು ಬಂದಿದ್ದೆವು. ನಮ್ಮ ಕಡೆ ರೋಗಿಯೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ರೋಗದ ವಾರಸುದಾರರು.

“ಗ್ಯಾಸ್ಟ್ರಿಕ್ ಅಂತ ಹೇಳಿ. ನಿಜ ಗೊತ್ತಾದ್ರೆ ಅಲ್ಲೇ ಎದೆ ಒಡ್ಕೊಂಡ್ಬಿಡ್ತಾರೆ” ಎಂದು ಅಕ್ಕ ಆಜ್ಞೆ ಹೊರಡಿಸಿದಳು. ನಾನು ಗ್ಯಾಸ್ಟ್ರಿಕ್ ಖಾತೆಯ ಮಂತ್ರಿಯಾದೆ.

ಭಾವನ ಸಂಜೆಗಳು ಚೌಕಾಬಾರಕ್ಕೆ ಮೀಸಲು. ಜಗಲಿಯ ಕಲ್ಲಿನ ಮೇಲೆ ಮನೆ ಗೀಚಿ, ಕವಡೆ ಎಸೆದು, ಎದುರಾಳಿಯ ಕಾಯಿ ಹೊಡೆದು ಹಿಂದಕ್ಕಟ್ಟುವ ಆಟ. ಹೊಡೆದವನು ಗಹಗಹಿಸಬೇಕು, ಹೊಡೆಸಿಕೊಂಡವನು ಅವನ ವಂಶವನ್ನು ಸ್ಮರಿಸಬೇಕು, ಇದು ಶಾಸ್ತ್ರ. ಎದುರುಮನೆಯ ಹನುಮಂತರಾಯಪ್ಪ ಈ ಶಾಸ್ತ್ರದಲ್ಲಿ ಪಾರಂಗತರು. ಹೆತ್ತ ಮಗಳ ಕಾಯಿಯನ್ನೂ ಬಿಟ್ಟವರಲ್ಲ.

ಸುದ್ದಿ ಹಬ್ಬಿದ ಮೇಲೆ ಭಾವ ಗೆಲ್ಲತೊಡಗಿದರು. ಮೊದಮೊದಲು ಹಿಗ್ಗಿದರು, ಆಮೇಲೆ ಗೆದ್ದಷ್ಟೂ ಮಂಕಾದರು. ಒಂದು ಸಂಜೆ ಹನುಮಂತರಾಯಪ್ಪನವರಿಗೆ ಬೇಕಾದ ಗರವೇ ಬಿತ್ತು. ಭಾವನ ಕಾಯಿ ಎದುರಿಗೇ ಕೂತಿತ್ತು. ಅವರು ಬೇರೆ ಕಾಯಿ ನಡೆಸಿದರು.

“ಯಾಕ್ಲಾ ಹೊಡೀಲಿಲ್ಲ?”

“ಕಾಣ್ಲಿಲ್ಲ ಗುರು.”

“ನನ್ ಕಾಯಿ ನಿಂಗೆ ಕಾಣ್ಲಿಲ್ವಾ?” ಭಾವ ನನ್ನ ಕಡೆ ತಿರುಗಿದರು. “ಏನಪ್ಪಾ, ನಾನೇನಾದ್ರೂ ಸಾಯ್ತಿದೀನಾ?”

“ಗ್ಯಾಸ್ಟ್ರಿಕ್ ಭಾವ” ಎಂದೆ, ಮಂತ್ರಿಗೆ ತಕ್ಕ ಗಾಂಭೀರ್ಯದಿಂದ.

“ಗ್ಯಾಸ್ಟ್ರಿಕ್ ಆದೋರಿಗೆಲ್ಲ ಇವ್ನು ಕಾಯಿ ಬಿಡೋದಾಗಿದ್ರೆ, ಈ ಊರಲ್ಲಿ ಒಂದಾಟನಾದ್ರೂ ಗೆಲ್ತಿದ್ನಾ?”

ಮಂತ್ರಿಗಳು ಎದ್ದು ಮುಚ್ಚಳಕ್ಕೆ ಬಿಳಿಯ ಔಷಧಿ ಬಗ್ಗಿಸಿದರು.

ಮುಂದಿನ ಸಲ ಆಸ್ಪತ್ರೆಯಲ್ಲಿ ಭಾವ ತೂಕಕ್ಕೆ ಏಳಲಿಲ್ಲ. “ನೀನೇ ನೋಡಿಸ್ಕೊಂಡ್ ಬಾರಪ್ಪ, ನಿಂದೇ ಜಾಸ್ತಿ ಇರೋದು” ಎಂದು ನನ್ನನ್ನು ಕಳಿಸಿ, ತಾವು ಡಾಕ್ಟರ ಮುಂದೆ ಕುಳಿತು ಕೇಳಿದರು. ವಾಸಿಯಾಗುವುದಿಲ್ಲ, ಉಳಿದಿರುವುದು ಕೆಲವು ತಿಂಗಳು ಎಂದು ಡಾಕ್ಟರು ಬಿಡಿಸಿ ಹೇಳಿದರಂತೆ. ಭಾವ ಮನೆಗೆ ಬಂದವರೇ ಗೋಡೆ ಕಡೆ ಮುಖ ಮಾಡಿ ಮಲಗಿದರು. ಊಟ ಬಿಟ್ಟರು. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ನಾನು ರಾಜೀನಾಮೆ ಕೊಡಬೇಕಿತ್ತು. ಅವಳು ಹೇಳಿದ್ದೇ ಸರಿಯಾಗಿತ್ತೇನೋ ಎಂದು ನನಗೂ ಅನ್ನಿಸಿಬಿಟ್ಟಿತ್ತು.

ಕೆಲವು ದಿನ ಕಳೆದ ಮೇಲೆ, ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಭಾವನ ದನಿ ಕೇಳಿಸಿತು.

“ನೋವು ತಡಿಯಕ್ಕಾಗ್ತಿಲ್ಲ ಕಣೇ. ನೀನು ಹೆದರ್ಕೋತೀಯಾ ಅಂತ ಇಷ್ಟು ದಿನ ಬಾಯ್ಬಿಡ್ಲಿಲ್ಲ.”

“ನಿಮಗೆ ಗೊತ್ತಾಗ್ಬಾರ್ದು ಅಂತ ನಾನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ.”

“ಅದಕ್ಕೇನಾ ಟ್ಯಾಂಕು ಖಾಲಿ ಆಗ್ತಿದ್ದಿದ್ದು! ನಾನು ಪೈಪು ಸೋರ್ತೈತೆ ಅಂದ್ಕೊಂಡಿದ್ದೆ.”

ಒಳಗೆ ಇಬ್ಬರೂ ನಕ್ಕರೋ ಅತ್ತರೋ, ಹೊರಗಿದ್ದವನಿಗೆ ತಿಳಿಯಲಿಲ್ಲ. ನಾನು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಒಂದು ಸುತ್ತು ಹಾಕಿ ಬಂದೆ.

ನೋವು ಇದೆಯೆಂದು ಬಾಯಿಬಿಟ್ಟ ಮೇಲೆ ನೋವಿಗೆ ತಕ್ಕ ಮಾತ್ರೆ ಬಂತು, ನಿದ್ದೆ ಬಂತು. ಗಂಜಿಗೆ ಬೀಳ್ಕೊಡುಗೆಯಾಗಿ ಮುದ್ದೆ ಬಂತು, ಎರಡು ತುತ್ತಾದರೂ. ಜೋಲು ಮುಖ ಹೊತ್ತು ನೋಡಲು ಬಂದವರನ್ನು ಭಾವ “ಇನ್ನೂ ಇದೀನಿ, ಆಮೇಲೆ ಬನ್ನಿ” ಎಂದು ಓಡಿಸುತ್ತಿದ್ದರು. ಹಾಗೆಂದು ಅವರು ವೇದಾಂತಿಯಾದರು ಎಂದುಕೊಳ್ಳಬೇಡಿ. ಕತ್ತಲಾದರೆ ಹೆದರುತ್ತಿದ್ದರು, ಅದನ್ನು ಹೇಳುತ್ತಲೂ ಇದ್ದರು. ಇನ್ನು ಕೆಲವು ಬೆಳಗು ಎಲ್ಲವನ್ನೂ ಮರೆತು, ಮುಂದಿನ ವರ್ಷ ಜಗಲಿಗೆ ಗ್ರಾನೈಟ್ ಹಾಕಿಸುವ ಮಾತಾಡುತ್ತಿದ್ದರು. ಸಾವು ಗೊತ್ತಿರುವುದೂ ಬದುಕುವ ಆಸೆಯೂ ಒಂದೇ ಮಂಚದ ಮೇಲೆ ತಕರಾರಿಲ್ಲದೆ ಮಲಗಬಲ್ಲವು ಎಂದು ನಾನು ಅಲ್ಲಿ ಕಂಡೆ.

ಕಾಯಿ ಬಿಟ್ಟವನು ಜಗಲಿ ಹತ್ತಕೂಡದೆಂದು ಭಾವನ ಕಟ್ಟಪ್ಪಣೆಯಾಗಿತ್ತು. ಹನುಮಂತರಾಯಪ್ಪ ಕಣ್ಣು ಒರೆಸಿಕೊಳ್ಳುತ್ತಲೇ ಭಾವನ ಕಾಯಿ ಹೊಡೆದರು. ದಿಂಬಿಗೊರಗಿದ್ದ ಭಾವ ಇದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ಅವರ ವಂಶವನ್ನು ಸಾಂಗವಾಗಿ ಸ್ಮರಿಸಿದರು. ಸಂಕ್ರಾಂತಿಗೆ ಭಾವ ಇರಲಿಲ್ಲ.

ಮುಚ್ಚಳ ಖಾಲಿ ಮಾಡಿ ಕೊಟ್ಟೆ. ಸೊಸೆ ಅದನ್ನು ತೊಳೆಯುತ್ತಾ, “ಮಾವ, ನಾಳೆ ನಿಮ್ಮ ರಿಪೋರ್ಟು ಬರುತ್ತಂತೆ. ನೀವ್ಯಾಕೆ ಅಷ್ಟು ದೂರ ಬರ್ತೀರಾ, ನಾವೇ ಡಾಕ್ಟರನ್ನ ಕೇಳ್ಕೊಂಡ್ ಬರ್ತೀವಿ” ಎಂದಳು. ದನಿಯಲ್ಲಿ ಸಕ್ಕರೆ ಒಂದು ಚಮಚ ಜಾಸ್ತಿಯೇ ಇತ್ತು.

“ಬೇಡಮ್ಮ, ನಾನೂ ಬರ್ತೀನಿ. ಡಾಕ್ಟರ ಮುಂದೆ ನಾನೇ ಕೂರ್ತೀನಿ” ಎಂದೆ, ಶೂರನ ಹಾಗೆ.

ಅವಳು ಅಡುಗೆಮನೆಯ ಬಾಗಿಲು ದಾಟುವಷ್ಟರಲ್ಲಿ ಮತ್ತೆ ಕರೆದೆ.

“ನೀನೂ ಪಕ್ಕದಲ್ಲೇ ಕೂತ್ಕೋ.”