ಹೆಬ್ಬೆರಳ ಕೆಳಗಿನ ಮೆದುಳು

ಚಹಾ ವ್ಯಾಪಾರಿ ಕುರೋಸು ಸಾನ್ ಕನಜಾವಾದ ನನ್ನ ಕ್ಷೌರದಂಗಡಿಗೆ ಬರುವುದು ಕೂದಲು ಕತ್ತರಿಸಿಕೊಳ್ಳಲಿಕ್ಕಲ್ಲ, ಮೆದುಳು ತೋರಿಸಲಿಕ್ಕೆ. ಐವತ್ತು ದಾಟಿದ ಮೇಲೆ ಅವರೂ ಅವರ ಹೆಂಡತಿಯೂ ವರ್ಷವರ್ಷವೂ ಮೆದುಳಿನ ಸ್ಕ್ಯಾನ್ ಮಾಡಿಸುತ್ತಾರೆ, ಇವರು ತಮ್ಮ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡ್ರಪ್ಪಾ, ನಲವತ್ತರ ಮೆದುಳು! ಈ ವಯಸ್ಸಿಗೆ ಹೆಂಗಸ್ರದ್ದು ಮಂಜು ಕವಿದಂಗಿರುತ್ತೆ" ಎನ್ನುತ್ತಾರೆ. ಆಮೇಲೆ ಅವರ ಹಣೆಯ ಮೇಲೇ ಇರುವ ಕನ್ನಡಕವನ್ನು ನಾವೆಲ್ಲ ಎದ್ದು ಹುಡುಕಬೇಕು. ಈ ಸಲ ಮಾತ್ರ ಅವರ ಹೆಬ್ಬೆರಳು ಚಿತ್ರದ ಮೂಲೆ ಬಿಟ್ಟು ಕದಲಲಿಲ್ಲ. ಸೀನು ಬಂದು ಬೆರಳು ಜಾರಿತು: ಅಲ್ಲಿದ್ದದ್ದು ಹೆಂಡತಿ ಚಿಹಾರು ಅವರ ಹೆಸರು! ಮರುದಿನ ಆಕೆ ಸಿಕ್ಕಾಗ ಹೇಳಿ ನಕ್ಕೆ. ಆಕೆ ನಗಲಿಲ್ಲ. "ತಮ್ಮ ಚಿತ್ರಾನ ಎಲ್ಲೋ ಇಟ್ಟು ಮರ್ತೆ ಅಂದ್ಕೊಂಡಿದಾರೆ. ಅದು ನನ್ ಚೀಲದಲ್ಲಿದೆ, ಡಾಕ್ಟರು ಕೆಂಪು ಸುತ್ತು ಹಾಕಿದಾರೆ. ಇನ್ನೊಂದು ವಾರ ಜಂಬ ಕೊಚ್ಕೊಳ್ಲಿ ಬಿಡಿ."